ಶಾಸಕಸ್ಥಾನವು ಯಾರ ಸ್ವತ್ತು?

ಚುನಾವಣೆಯಲ್ಲಿ ಗೆದ್ದವನ ದೋಷಗಳೆಲ್ಲವೂ ಆ ಗೆಲವಿನಿಂದಲೇ ತೊಳೆದುಹೋದುವೆಂದೂ, ಸೋತವನ ಗುಣಗಳೆಲ್ಲವೂ ಆ ಸೋಲಿನೊಡನೆಯೇ ಮುಗಿದುವೆಂದೂ ಭಾವಿಸುವ ಅಭಿಪ್ರಾಯವೊಂದು ಈಚೆಗೆ ವಿದ್ಯಾವಂತರ ಮನೆಗಳಲ್ಲಿಯೂ ಬೇರೂರಿದೆ. ನೊಣವಿನಕೆರೆಯಂತಹ ಊರಿನ ಜಗುಲಿಗಳ ಮೇಲೆ ಕೊಬ್ಬರಿಯ ಧಾರಣೆಯ ಮಾತು ಮುಗಿದ ಬಳಿಕ ಶಾಸಕರ ಮಾತು ಬರುವುದು ವಾಡಿಕೆ. ಆಗ ಕೇಳಿಬರುವುದು ಎರಡೇ ಲೆಕ್ಕ: ಅವರು ಎಷ್ಟು ಸಲ ಗೆದ್ದರು, ಎಷ್ಟು ಮತಗಳ ಅಂತರದಿಂದ ಗೆದ್ದರು ಎಂಬುದು. ಗೆದ್ದ ಬಳಿಕ ಆ ಸ್ಥಾನವನ್ನು ಏನು ಮಾಡಿದರು ಎಂಬ ಮೂರನೆಯ ಲೆಕ್ಕವನ್ನು ಕೇಳುವವರು ವಿರಳ. ಕೇಳಿದರೆ, "ಜನರೇ ಮತ್ತೆ ಆರಿಸಿದ ಮೇಲೆ ಇನ್ನೇನು?" ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರವು ತಪ್ಪೆಂಬುದನ್ನು ತೋರಿಸುವುದಕ್ಕೆ ದೂರ ಹೋಗಬೇಕಾದುದಿಲ್ಲ. ನೊಣವಿನಕೆರೆಯಿಂದ ಒಂದು ಗಳಿಗೆಯ ದಾರಿಯಾದ ತುರುವೇಕೆರೆಯಲ್ಲಿ 2008ನೆಯ ಇಸವಿಯಲ್ಲಿ ನಡೆದ ಸಂಗತಿಯೇ ಸಾಕು.

ಆ ವರ್ಷದ ಮೇ ತಿಂಗಳಲ್ಲಿ ನಡೆದ ಸಾರ್ವತ್ರಿಕ ಚುನಾವಣೆಯಲ್ಲಿ ತುರುವೇಕೆರೆಯ ಮತದಾರರು ಚಲನಚಿತ್ರ ನಟರಾದ ಜಗ್ಗೇಶ್ ಅವರನ್ನು ಕಾಂಗ್ರೆಸ್ ಪಕ್ಷದ ಅಭ್ಯರ್ಥಿಯಾಗಿ ಆರಿಸಿ ವಿಧಾನಸಭೆಗೆ ಕಳುಹಿಸಿದರು. ಅವರು ಈ ಸೀಮೆಯವರೇ.  ಹಳ್ಳಿಯ ನುಡಿಯನ್ನು ಬೆಳ್ಳಿಯ ತೆರೆಯ ಮೇಲೆ ಆಡಿ ಜನರನ್ನು ನಗಿಸಿದ ಮನುಷ್ಯನನ್ನು ಊರಿನವರು ಪ್ರೀತಿಯಿಂದ ಗೆಲ್ಲಿಸಿದರು. ಇದರಲ್ಲಿ ಹಾಸ್ಯ ಮಾಡತಕ್ಕದ್ದು ಯಾವುದೂ ಇಲ್ಲ. ನಟನು ಶಾಸಕನಾಗಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ. ವಕೀಲನೂ ಗುತ್ತಿಗೆದಾರನೂ ಆಗಬಹುದಾದರೆ ನಟನೂ ಆಗಬಹುದು.

ಆದರೆ ಆ ಗೆಲವಿಗೆ ಕೆಲವೇ ತಿಂಗಳುಗಳು ತುಂಬುವುದರೊಳಗೆ ಅವರು ಶಾಸಕಸ್ಥಾನಕ್ಕೆ ರಾಜೀನಾಮೆಯನ್ನಿತ್ತು, ಅಧಿಕಾರದಲ್ಲಿದ್ದ ಭಾರತೀಯ ಜನತಾ ಪಕ್ಷವನ್ನು ಸೇರಿದರು. ಅವರೊಬ್ಬರೇ ಅಲ್ಲ. 224 ಸ್ಥಾನಗಳ ಸಭೆಯಲ್ಲಿ ಆ ಪಕ್ಷಕ್ಕೆ 110 ಸ್ಥಾನಗಳು ದೊರೆತಿದ್ದುವು. ಬಹುಮತಕ್ಕೆ ಮೂರು ಕಡಮೆ. ಪಕ್ಷೇತರ ಶಾಸಕರ ಬೆಂಬಲದಿಂದ ಮೇ 30ರಂದು ಬಿ.ಎಸ್. ಯಡಿಯೂರಪ್ಪನವರ ಸರ್ಕಾರವು ರಚಿತವಾಯಿತು. ಆ ಆಸರೆಯು ಸಾಲದೆಂದು ಕಂಡದ್ದರಿಂದಲೋ ಏನೋ, ಬೇರೆ ಪಕ್ಷಗಳ ಏಳು ಮಂದಿ ಶಾಸಕರು ಒಬ್ಬರ ಹಿಂದೊಬ್ಬರು ರಾಜೀನಾಮೆಯಿತ್ತು ಆ ಪಕ್ಷಕ್ಕೆ ಬಂದರು. ಅರಭಾವಿ, ಹುಕ್ಕೇರಿ, ದೇವದುರ್ಗ, ಮಧುಗಿರಿಗಳಿಂದ ಜಾತ್ಯತೀತ ಜನತಾದಳದ ನಾಲ್ವರು. ಕಾರವಾರ, ದೊಡ್ಡಬಳ್ಳಾಪುರ, ತುರುವೇಕೆರೆಗಳಿಂದ ಕಾಂಗ್ರೆಸ್ಸಿನ ಮೂವರು. ಈ ಕಾರ್ಯಕ್ಕೆ 'ಆಪರೇಷನ್ ಕಮಲ'ವೆಂಬ ಹೆಸರು ಬಿದ್ದು, ಇಂದಿಗೂ ರಾಜಕೀಯದ ಮಾತಿನಲ್ಲಿ ಉಳಿದುಕೊಂಡಿದೆ. ಹೆಸರನ್ನು ಇಟ್ಟವರು ಶಸ್ತ್ರಚಿಕಿತ್ಸೆಯ ಸಾಮಾನ್ಯ ನಿಯಮವನ್ನು ಮರೆತಂತೆ ತೋರುತ್ತದೆ: ಶಸ್ತ್ರವನ್ನು ಹಿಡಿಯುವ ಮೊದಲು ವೈದ್ಯನು ರೋಗಿಯ ಒಪ್ಪಿಗೆಯ ಸಹಿಯನ್ನು ತೆಗೆದುಕೊಳ್ಳುತ್ತಾನೆ. ಇಲ್ಲಿ ಕೊಯಿಸಿಕೊಂಡದ್ದು ಕ್ಷೇತ್ರ. ಸಹಿ ಮಾಡಿದವನು ಬೇರೆಯವನು.

ಶಾಸಕಸ್ಥಾನವೆಂದರೇನು ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳದೆ ಈ ವಿಷಯವನ್ನು ವಿಚಾರಿಸುವುದು ಸಾಧ್ಯವಿಲ್ಲ. ಅದು ಗೆದ್ದವನ ಸ್ವತ್ತಾದ ಪಕ್ಷದಲ್ಲಿ, ಅದನ್ನು ಅವನು ಇಟ್ಟುಕೊಳ್ಳಬಹುದು, ಬಿಡಬಹುದು, ಇನ್ನೊಂದಕ್ಕೆ ಬದಲಾಯಿಸಿಕೊಳ್ಳಬಹುದು, ಕೇಳುವವರಾರು? ಸ್ವತ್ತಲ್ಲದ ಪಕ್ಷದಲ್ಲಿ ಪ್ರಶ್ನೆಯೇ ಬೇರೆಯಾಗುತ್ತದೆ. ಧರ್ಮಶಾಸ್ತ್ರಕಾರರು ವ್ಯವಹಾರದ ಹದಿನೆಂಟು ಪದಗಳನ್ನು ಎಣಿಸುವಾಗ ಸಾಲದ ಬೆನ್ನಿಗೇ ನಿಕ್ಷೇಪವನ್ನು ಇಟ್ಟಿರುವರು. ಒಬ್ಬನು ಇನ್ನೊಬ್ಬನನ್ನು ನಂಬಿ ತನ್ನ ವಸ್ತುವನ್ನು ಕಾಪಾಡುವುದಕ್ಕಾಗಿ ಒಪ್ಪಿಸುವುದೇ ನಿಕ್ಷೇಪ. ಯಾಜ್ಞವಲ್ಕ್ಯಸ್ಮೃತಿಗೆ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕನ್ನಡನಾಡಿನವನೇ ಆದುದರಿಂದ, ಅವನು ಮಾಡಿದ ಒಂದು ಭೇದವನ್ನು ಇಲ್ಲಿ ನೆನೆಯುವುದು ಉಚಿತ. ಎಣಿಸಿ, ತೋರಿಸಿ ಒಪ್ಪಿಸಿದ್ದು ನಿಕ್ಷೇಪ; ಪೆಟ್ಟಿಗೆಯಲ್ಲಿಟ್ಟು, ಒಳಗೇನಿದೆಯೆಂದು ಹೇಳದೆ, ಮುದ್ರೆಯೊತ್ತಿ ಒಪ್ಪಿಸಿದ್ದು ಉಪನಿಧಿ. ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ಅದು ನಷ್ಟವಾದರೆ ಇಟ್ಟುಕೊಂಡವನಿಗೆ ದೋಷವಿಲ್ಲ. ತನ್ನ ಇಚ್ಛೆಯಿಂದ ಅದನ್ನು ಬಳಸಿಕೊಂಡು ಅದರಿಂದ ಜೀವನ ಮಾಡಿದನಾದರೆ ಅವನು ದಂಡಕ್ಕೆ ಗುರಿಯಾಗುವುದಲ್ಲದೆ, ವಸ್ತುವನ್ನು ವೃದ್ಧಿಸಹಿತವಾಗಿ ಹಿಂತಿರುಗಿಸಬೇಕು.

ಮತವು ಇಂತಹ ಉಪನಿಧಿಯೇ ಸರಿ. ಮತದಾರನು ಏನನ್ನು ಒಪ್ಪಿಸಿದನೆಂಬುದನ್ನು ಯಾರಿಗೂ ತೋರಿಸದಿರುವುದು ಕಾನೂನಿನ ವಿಧಿ. ಅದರ ಮೇಲೆ ಒಂದು ಮುದ್ರೆಯೂ ಇರುತ್ತದೆ. ಯಂತ್ರದ ಮೇಲೆ ಅಭ್ಯರ್ಥಿಯ ಹೆಸರಿನ ಪಕ್ಕದಲ್ಲಿರುವ ಪಕ್ಷದ ಚಿಹ್ನೆಯೇ ಆ ಮುದ್ರೆ. 2008ರ ಮೇ ತಿಂಗಳಲ್ಲಿ ತುರುವೇಕೆರೆಯ ಪೆಟ್ಟಿಗೆಯ ಮೇಲೆ ಇದ್ದ ಮುದ್ರೆ ಹಸ್ತದ್ದು. ಅದನ್ನು ಒಡೆದು ಕಮಲದ ಮುದ್ರೆಯನ್ನು ಒತ್ತುವುದಕ್ಕೆ ಇಟ್ಟುಕೊಂಡವನಿಗೆ ಅಧಿಕಾರ ಎಲ್ಲಿಂದ ಬಂದಿತು?

ತೆಂಗಿನ ಸೀಮೆಯವರಿಗೆ ಇದನ್ನು ಸ್ಮೃತಿಯಿಂದಲೇ ತಿಳಿಸಬೇಕಾದುದಿಲ್ಲ. ಉಂಡೆ ಕೊಬ್ಬರಿಯಾಗುವುದಕ್ಕೆ ಕಾಯಿಯು ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಮಲಗಿರಬೇಕು. ಸ್ವಂತ ಅಟ್ಟವಿಲ್ಲದ ಬಡವನು ನೆರೆಯವನ ಅಟ್ಟದ ಮೇಲೆ ಕಾಯಿ ಹಾಕಿರುತ್ತಾನೆ. ಮೂರನೆಯ ತಿಂಗಳಿನಲ್ಲಿಯೇ ಅಟ್ಟದವನು ಆ ಕಾಯಿಗಳನ್ನು ಇಳಿಸಿ ಇನ್ನಾರದೋ ಮಂಡಿಗೆ ಹಾಕಿ, "ನಿನಗೆ ಬೇಕಾದರೆ ಮತ್ತೆ ಕಾಯಿ ತಂದು ಹಾಕು, ಅಟ್ಟ ಖಾಲಿಯಿದೆ" ಎಂದರೆ ಪಂಚಾಯಿತಿಯಲ್ಲಿ ಅವನಿಗೆ ಏನು ಹೇಳುತ್ತಾರೆ? ಒಳಗಿನ ನೀರು ಇಂಗುವ ಮೊದಲೇ ಒಡೆದ ಕಾಯಿಯು ಎಳನೀರೂ ಅಲ್ಲ, ಕೊಬ್ಬರಿಯೂ ಅಲ್ಲ.

ಇದಕ್ಕೆ ಪ್ರತಿಯಾಗಿ ಹೇಳುವ ವಾದಗಳುಂಟು. ಅವುಗಳಲ್ಲಿ ಮೊದಲನೆಯದೇ ಬಲವಾದದ್ದು. ರಾಜೀನಾಮೆ ಕೊಟ್ಟವನು ಸ್ಥಾನವನ್ನು ಜನರಿಗೇ ಹಿಂತಿರುಗಿಸಿದನಲ್ಲವೆ? ಉಪಚುನಾವಣೆಯಲ್ಲಿ ಜನರೇ ಮತ್ತೆ ತೀರ್ಮಾನ ಮಾಡುತ್ತಾರಲ್ಲವೆ? ಸ್ಥಾನದಲ್ಲಿ ಕುಳಿತೇ ಪಕ್ಷ ಬದಲಾಯಿಸುವವನಿಗಿಂತ ಇವನು ಪ್ರಾಮಾಣಿಕನಲ್ಲವೆ? 1967ರಲ್ಲಿ ಹರಿಯಾಣದ ಗಯಾಲಾಲರೆಂಬ ಶಾಸಕರು ಹದಿನೈದು ದಿನಗಳೊಳಗೆ ಮೂರು ಸಲ ಪಕ್ಷ ಬದಲಾಯಿಸಿ ದೇಶಕ್ಕೆಲ್ಲ ಗಾದೆಯಾದರು. ಅವರ ಪಕ್ಕದಲ್ಲಿಟ್ಟು ನೋಡಿದರೆ ರಾಜೀನಾಮೆಯ ಮಾರ್ಗವು ಸಭ್ಯವಾಗಿ ಕಾಣುವುದು ನಿಜ. ಆದರೆ ರಾಜೀನಾಮೆಯ ಪತ್ರವು ಹೋದುದು ಸಭಾಧ್ಯಕ್ಷರ ಕೈಗೆ. ಒಪ್ಪಿಸಿದವರನ್ನು ಒಂದು ಮಾತು ಕೇಳಿದವರಿಲ್ಲ. ಕೊಡುವ ಮೊದಲು ಮಾಯಸಂದ್ರದಲ್ಲಿಯೋ ದಂಡಿನಶಿವರದಲ್ಲಿಯೋ ಸಭೆ ಸೇರಿಸಿ, "ಈ ಕಾರಣದಿಂದ ಬಿಡುತ್ತೇನೆ, ನಿಮ್ಮ ಅಭಿಪ್ರಾಯವೇನು?" ಎಂದು ಕೇಳುವುದು ಇಂತಹ ರಾಜೀನಾಮೆಗಳ ಪದ್ಧತಿಯಲ್ಲಿಯೇ ಇಲ್ಲ. ಇನ್ನು, ಹಿಂತಿರುಗಿಸಿದವನು ಸುಮ್ಮನೆ ಮನೆಗೆ ಹೋದರೆ ಅದನ್ನು ಹಿಂತಿರುಗಿಸುವಿಕೆ ಎನ್ನಬಹುದು. ಒಂದು ಕೈಯಿಂದ ಕೊಟ್ಟು, ಅದೇ ವಸ್ತುವನ್ನು ತಾನು ಸೇರಿದ ಹೊಸ ಮನೆಗೆ ಕೊಡಿಸುವುದಕ್ಕಾಗಿ ಇನ್ನೊಂದು ಕೈಯನ್ನು ಚಾಚಿ ನಿಲ್ಲುವುದಕ್ಕೆ ಬೇರೆ ಹೆಸರಿದೆ.

ಅದರ ವೆಚ್ಚವನ್ನು ಯಾರು ತೆತ್ತರು? ಉಪಚುನಾವಣೆಯು ಆಕಾಶದಿಂದ ಇಳಿಯುವುದಿಲ್ಲ. 2008ರ ಡಿಸೆಂಬರ್ 27ರಂದು ಮತದಾನವಾಯಿತು. ಅದು ಶಾಲೆಗಳು ನಡೆಯುವ ಕಾಲ. ಶಾಲೆಯ ಕಟ್ಟಡಗಳೇ ಮತಗಟ್ಟೆಗಳು. ಮತಗಟ್ಟೆಯ ಅಧಿಕಾರಿಗಳಲ್ಲಿ ಬಹುಮಂದಿ ಉಪಾಧ್ಯಾಯರು. ಮೇ ತಿಂಗಳಲ್ಲಿ ಒಮ್ಮೆ ಈ ಕೆಲಸವನ್ನು ಮಾಡಿ ಮುಗಿಸಿದವರು ವರ್ಷ ತಿರುಗುವುದರೊಳಗೆ ಎರಡನೆಯ ಸಲ ಅದೇ ಪೆಟ್ಟಿಗೆ, ಅದೇ ಪಟ್ಟಿ, ಅದೇ ಮಸಿಯ ಸೀಸೆಗಳನ್ನು ಹೊತ್ತುಕೊಂಡು ಹಳ್ಳಿಗಳಿಗೆ ಹೋದರು. ಪಾಠಗಳು ನಿಂತುವು. ಒಬ್ಬ ಮನುಷ್ಯನ ಮನಸ್ಸು ಬದಲಾದುದಕ್ಕೆ ಒಂದು ತಾಲ್ಲೂಕಿನ ಮಕ್ಕಳು ಏತಕ್ಕೆ ದಂಡ ತೆರಬೇಕೆಂಬುದನ್ನು ಯಾರೂ ವಿವರಿಸಿದಂತಿಲ್ಲ.

ಎರಡನೆಯ ವಾದವು ಹೀಗಿದೆ: ಹಳ್ಳಿಯ ಜನರು ಮತ ಕೊಡುವುದು ವ್ಯಕ್ತಿಗೇ ಹೊರತು ಪಕ್ಷಕ್ಕಲ್ಲ, ಆದುದರಿಂದ ವ್ಯಕ್ತಿಯು ಎಲ್ಲಿ ಹೋದರೆ ಮತವೂ ಅವನ ಹಿಂದೆ ಹೋಗುತ್ತದೆ. ಈ ವಾದಕ್ಕೆ ಉತ್ತರವನ್ನು ಪಂಡಿತರು ಕೊಡಬೇಕಾದುದಿಲ್ಲ, ತುರುವೇಕೆರೆಯವರೇ ಕೊಟ್ಟಿರುವರು. ಸುಮಾರು ಏಳು ತಿಂಗಳ ಹಿಂದೆ ಮತ ಹಾಕಿದ್ದ ಅದೇ ಜನರು, ಅದೇ ಮತಗಟ್ಟೆಗಳಲ್ಲಿ, ಈ ಸಲ ಜಾತ್ಯತೀತ ಜನತಾದಳದ ಎಂ.ಟಿ. ಕೃಷ್ಣಪ್ಪನವರನ್ನು ಆರಿಸಿದರು. ಆಳುವ ಪಕ್ಷಕ್ಕೆ ಆ ಸ್ಥಾನವು ದೊರೆಯಲಿಲ್ಲ. ಮಧುಗಿರಿಯವರೂ ಅದನ್ನೇ ಮಾಡಿದರು. ಅಲ್ಲಿ ಶ್ರೀಮತಿ ಅನಿತಾ ಕುಮಾರಸ್ವಾಮಿಯವರು ಗೆದ್ದರು. ರಾಜೀನಾಮೆಯಿಂದ ತೆರವಾದ ಏಳು ಕ್ಷೇತ್ರಗಳಲ್ಲಿ ಐದನ್ನು ಆಳುವ ಪಕ್ಷವು ಗೆದ್ದುಕೊಂಡಿತು. ಉಳಿದ ಎರಡೂ ತುಮಕೂರು ಜಿಲ್ಲೆಯವು. (ಅದೇ ದಿನ ಚುನಾವಣೆ ನಡೆದ ಮದ್ದೂರಿನಲ್ಲಿ ಸ್ಥಾನವು ತೆರವಾದುದು ಶಾಸಕರ ಮರಣದಿಂದ, ಅದನ್ನು ಈ ಲೆಕ್ಕದಲ್ಲಿ ಸೇರಿಸತಕ್ಕದ್ದಲ್ಲ.) ಜಿಲ್ಲೆಯ ಕೆರೆ, ಗುಡಿ, ಶಾಸನಗಳ ಹಿರಿಮೆಯನ್ನು ಬರೆಯುವುದಕ್ಕೆ ಎಷ್ಟೋ ಮಂದಿ ಇದ್ದಾರೆ. 2008ರ ಡಿಸೆಂಬರಿನಲ್ಲಿ ಈ ಜಿಲ್ಲೆಯ ಎರಡು ತಾಲ್ಲೂಕುಗಳು ತೋರಿದ ವಿವೇಕವನ್ನು ಬರೆದವರು ಇಲ್ಲವೆನ್ನುವಷ್ಟು ಕಡಮೆ.

ಹೀಗೆಂದಮಾತ್ರಕ್ಕೆ ಕೃಷ್ಣಪ್ಪನವರನ್ನು ಹೊಗಳಿದಂತಾಗುವುದಿಲ್ಲ. ಅವರು 2013ರಲ್ಲಿ ಮತ್ತೆ ಗೆದ್ದು, 2018ರಲ್ಲಿ ಭಾರತೀಯ ಜನತಾ ಪಕ್ಷದ ಮಸಾಲ ಜಯರಾಮ್ ಅವರಿಗೆ ಸೋತು, 2023ರಲ್ಲಿ ಪುನಃ ಗೆದ್ದರು. ಅದೇ ಮಹನೀಯರು 2025ರ ಮಾರ್ಚ್ ತಿಂಗಳಲ್ಲಿ ವಿಧಾನಸಭೆಯೊಳಗೆ ಎದ್ದು ನಿಂತು, ಹೆಂಗಸರಿಗೆ ಹಣವನ್ನೂ ಉಚಿತ ಪ್ರಯಾಣವನ್ನೂ ಕೊಡುವಂತೆ ಗಂಡಸರಿಗೆ ವಾರಕ್ಕೆ ಎರಡು ಬಾಟಲಿ ಮದ್ಯವನ್ನು ಉಚಿತವಾಗಿ ಕೊಡಬೇಕೆಂದು ಹೇಳಿದರು. ಕುಡಿತದಿಂದ ಹಾಳಾದ ಸಂಸಾರಗಳನ್ನು ಪ್ರತಿ ಬೀದಿಯಲ್ಲಿಯೂ ಕಾಣಬಹುದಾದ ತಾಲ್ಲೂಕಿನ ಪ್ರತಿನಿಧಿಗೆ ಇದು ಶೋಭಿಸತಕ್ಕ ಮಾತೆ? ಆ ಮಾತಿಗೆ ಉತ್ತರ ಹೇಳುವ ಹೊಣೆ ಅವರದು. ಆದರೆ ತುರುವೇಕೆರೆಯು 2008ರಲ್ಲಿ ಅವರಿಗೆ ಮತ ಹಾಕಿದುದು ಅವರ ವಾಕ್ಪಟುತ್ವಕ್ಕಾಗಿ ಎಂದು ತಿಳಿಯುವುದು ತಪ್ಪು. ಮುದ್ರೆಯೊಡೆದದ್ದನ್ನು ತಾವು ಕಂಡಿದ್ದೇವೆಂದು ಹೇಳುವುದಕ್ಕೆ ಆ ಜನರಿಗೆ ಅಂದು ಕೈಯಲ್ಲಿದ್ದ ಸಾಧನವು ಅದೊಂದೇ.

ಮೂರನೆಯ ವಾದವು ಕ್ಷೇತ್ರದ ಅಭಿವೃದ್ಧಿಯದು. ಆಳುವ ಪಕ್ಷದಲ್ಲಿದ್ದರೆ ರಸ್ತೆ ಬರುತ್ತದೆ, ನೀರು ಬರುತ್ತದೆ, ವಿರೋಧ ಪಕ್ಷದಲ್ಲಿದ್ದರೆ ಏನೂ ಬರುವುದಿಲ್ಲ ಎಂಬ ಈ ಮಾತನ್ನು ಪಕ್ಷ ಬಿಟ್ಟವರೆಲ್ಲರೂ ಮಂತ್ರದಂತೆ ಹೇಳುತ್ತಾರೆ. ಇದನ್ನು ಒಪ್ಪುವುದಾದರೆ, ಆಳುವ ಪಕ್ಷಕ್ಕೆ ಮತ ಹಾಕದ ಊರಿಗೆ ಸರ್ಕಾರದ ಬೊಕ್ಕಸದಿಂದ ಒಂದು ಕಾಸೂ ಸಲ್ಲದೆಂದು ಒಪ್ಪಿದಂತಾಗುತ್ತದೆ. ಊರಿನವರು ಕೊಟ್ಟ ತೆರಿಗೆಯು ಯಾವ ಪಕ್ಷದ್ದು? ಅದಿರಲಿ. ಈ ಸೀಮೆಯ ಪ್ರಾಣವೇ ಆದ ಕೊಬ್ಬರಿಯ ವಿಷಯದಲ್ಲಿ ಈ ವಾದವು ಎಷ್ಟು ನಿಲ್ಲುತ್ತದೆಂಬುದನ್ನು ನೋಡೋಣ.

2023ರಲ್ಲಿ ಕೇಂದ್ರ ಸರ್ಕಾರವು ಉಂಡೆ ಕೊಬ್ಬರಿಗೆ ಕ್ವಿಂಟಲ್ಲಿಗೆ 11,750 ರೂಪಾಯಿಗಳ ಬೆಂಬಲ ಬೆಲೆಯನ್ನು ಗೊತ್ತುಮಾಡಿತ್ತು; 2024ರಲ್ಲಿ ಅದನ್ನು 12,000ಕ್ಕೆ ಏರಿಸಿತು. ಅದೇ 2023ರಲ್ಲಿ ತಿಪಟೂರಿನ ಮಾರುಕಟ್ಟೆಯ ಧಾರಣೆಯು ಈ ಬೆಲೆಗಿಂತ ಸಾವಿರಾರು ರೂಪಾಯಿಗಳಷ್ಟು ಕೆಳಕ್ಕೆ ಕುಸಿಯಿತು. ಆ ವರ್ಷದ ಮೇ ತಿಂಗಳವರೆಗೆ ತಿಪಟೂರಿನ ಶಾಸಕರು ಆಳುವ ಪಕ್ಷದವರು, ಮಂತ್ರಿಗಳೂ ಹೌದು. ಕೇಂದ್ರದಲ್ಲಿಯೂ ಅದೇ ಪಕ್ಷ. ಮೇ ತಿಂಗಳ ಬಳಿಕ ತಿಪಟೂರಿಗೆ ಬಂದ ಶಾಸಕರೂ ರಾಜ್ಯದ ಹೊಸ ಆಳುವ ಪಕ್ಷದವರೇ. ಧಾರಣೆಯು ಇವರ ಕಾಲದಲ್ಲಿಯೂ ಬಿದ್ದಿತ್ತು, ಅವರ ಕಾಲದಲ್ಲಿಯೂ ಬಿದ್ದಿತ್ತು. ರಾಜ್ಯ ಸರ್ಕಾರವು ಬೆಂಬಲ ಬೆಲೆಯ ಮೇಲೆ ಕ್ವಿಂಟಲ್ಲಿಗೆ 1,500 ರೂಪಾಯಿಗಳ ಪ್ರೋತ್ಸಾಹಧನವನ್ನು ಸೇರಿಸಿದುದು ರೈತರು ಬೀದಿಗಿಳಿದು ಕೂಗಿದ ಕಾಲದಲ್ಲಿ. 2024ರ ಆರಂಭದಲ್ಲಿ ನಾಫೆಡ್ ಖರೀದಿಯ ನೋಂದಣಿಯಲ್ಲಿ ಅಕ್ರಮ ನಡೆದು, ನೋಂದಣಿಯನ್ನು ಮತ್ತೊಮ್ಮೆ ಮಾಡಬೇಕಾಯಿತು; ರೈತರು ಎರಡನೆಯ ಸಲ ರಾತ್ರಿಯೆಲ್ಲ ಸಾಲಿನಲ್ಲಿ ನಿಂತರು. ಮುಂದೆ 2025ರಲ್ಲಿ ಧಾರಣೆಯು 20,000 ರೂಪಾಯಿಗಳನ್ನು ದಾಟಿದಾಗ, ಅದಕ್ಕೆ ಕಾರಣವಾದದ್ದು ಮರದಲ್ಲಿ ಕಾಯಿ ಕಡಮೆಯಾದುದೇ ಹೊರತು ಯಾವ ಶಾಸಕನ ಪಕ್ಷಾಂತರವೂ ಅಲ್ಲ. ನುಸಿಪೀಡೆಗೂ ಕಾಂಡ ಸೋರುವ ರೋಗಕ್ಕೂ ವಿಧಾನಸಭೆಯಲ್ಲಿ ಯಾರು ಯಾವ ಕಡೆ ಕುಳಿತಿದ್ದಾರೆಂಬುದು ತಿಳಿಯದು.

ನೀರಿನ ವಿಷಯವೂ ಹೀಗೆಯೇ. ಹೇಮಾವತಿಯ ನೀರನ್ನು ಹೊಸ ಸಂಪರ್ಕ ಕಾಲುವೆಯ ಮೂಲಕ ಕುಣಿಗಲ್ ಮಾಗಡಿಗಳ ಕಡೆಗೆ ಒಯ್ಯುವ ಯೋಜನೆಯ ವಿರುದ್ಧ 2024 ಮತ್ತು 2025ರಲ್ಲಿ ಈ ಜಿಲ್ಲೆಯಲ್ಲಿ ದೊಡ್ಡ ಚಳವಳಿಯೆದ್ದಿತು. ತುರುವೇಕೆರೆ ಮೊದಲಾದ ಕ್ಷೇತ್ರಗಳ ಶಾಸಕರು ವಿರೋಧ ಪಕ್ಷದಲ್ಲಿದ್ದೇ ಅದನ್ನು ಎದುರಿಸಿ ಮಾತನಾಡಿದರು. ಯೋಜನೆಯು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ, ಕುಣಿಗಲಿನವರಿಗೂ ಬಾಯಾರಿಕೆಯುಂಟು. ಗಮನಿಸಬೇಕಾದುದೆಂದರೆ, ಊರಿನ ಪರವಾಗಿ ಗಟ್ಟಿಯಾಗಿ ಮಾತನಾಡುವುದಕ್ಕೆ ವಿರೋಧ ಪಕ್ಷದ ಬೆಂಚು ಅಡ್ಡಿಯಾಗಲಿಲ್ಲವೆಂಬುದು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದಾಗ ದಸರೆಗೆ ಹೋದ ಪ್ರತಿನಿಧಿಗಳಿಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ, ಪಕ್ಷವಿರಲಿಲ್ಲ, ಮಂತ್ರಿಪದವಿಯ ಆಸೆಯೂ ಇರಲಿಲ್ಲ. ಅವರ ಬಳಿ ಇದ್ದದ್ದು ತಾಲ್ಲೂಕಿನ ಅಹವಾಲುಗಳ ಪಟ್ಟಿಯೊಂದೇ. ಅದನ್ನು ಓದಿ ಹೇಳಿ ಊರಿಗೆ ಮರಳುತ್ತಿದ್ದರು. ಅಂದಿನ ಸಭೆಯನ್ನು ಸ್ವರ್ಗವೆಂದು ವರ್ಣಿಸುವುದು ತರವಲ್ಲ. ಅಲ್ಲಿಗೆ ಹೋದವರು ಆಸ್ತಿವಂತರು ಮಾತ್ರ. ಆದರೂ ಮಾರಿಕೊಳ್ಳಬಹುದಾದ ವಸ್ತು ಯಾವುದೂ ಅವರ ಕೈಯಲ್ಲಿ ಇರಲಿಲ್ಲ ಎಂಬುದನ್ನು ಮರೆಯಲಾಗದು.

ಇನ್ನು ಉಳಿದದ್ದು, ಈ ಲೇಖನದ ಆರಂಭದಲ್ಲಿ ಹೇಳಿದ ವಾದ: ಜನರು ಮತ್ತೆ ಆರಿಸಿದರೆ ದೋಷವು ಪರಿಹಾರವಾಯಿತೆಂಬುದು. ಹಿಂದೆ ಹೇಳಿದ ಐದು ಕ್ಷೇತ್ರಗಳೂ ಈ ವಾದದ ಸಾಕ್ಷಿಗಳಾಗಿ ನಿಲ್ಲುತ್ತವೆ. 2019ರಲ್ಲಿ ಕಾಂಗ್ರೆಸ್ ಮತ್ತು ಜನತಾದಳಗಳ ಕೂಟದ 17 ಮಂದಿ ಶಾಸಕರು ಇದೇ ದಾರಿಯನ್ನು ಹಿಡಿದು ಎಚ್.ಡಿ. ಕುಮಾರಸ್ವಾಮಿಯವರ ಸರ್ಕಾರವನ್ನು ಬೀಳಿಸಿದರು. ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ನಡೆದ ಉಪಚುನಾವಣೆಯಲ್ಲಿ 12ನ್ನು ಭಾರತೀಯ ಜನತಾ ಪಕ್ಷವು ಗೆದ್ದಿತು. ಹಾಗಾದರೆ ಹನ್ನೆರಡು ಕಡೆ ಧರ್ಮ, ಮೂರು ಕಡೆ ಅಧರ್ಮವೆಂದು ತಿಳಿಯಬೇಕೆ? ಒಂದೇ ಕಾರ್ಯವು ಗೋಕಾಕದಲ್ಲಿ ಪುಣ್ಯವಾಗಿ ಹುಣಸೂರಿನಲ್ಲಿ ಪಾಪವಾಗುವುದು ಹೇಗೆ? ಉಪಚುನಾವಣೆಯಲ್ಲಿ ಮತದಾರನ ಮುಂದಿರುವ ಪ್ರಶ್ನೆಯೇ ಬೇರೆ. ಸರ್ಕಾರವು ಆಗಲೇ ನೆಲೆಗೊಂಡಿರುತ್ತದೆ. ಅಭ್ಯರ್ಥಿಯು ಮಂತ್ರಿಯಾಗುವನೆಂಬ ಮಾತು ಬಹಿರಂಗವಾಗಿಯೇ ಹೊರಡುತ್ತದೆ. ಮಂತ್ರಿಯನ್ನು ಸೋಲಿಸಿ ಊರಿಗೆ ಕೇಡು ತಂದುಕೊಳ್ಳುವಿರಾ ಎಂಬ ಬೆದರಿಕೆಯು ಹೇಳದೆಯೇ ಕೇಳಿಸುತ್ತದೆ. ಇಂತಹ ಪರೀಕ್ಷೆಯಲ್ಲಿ ಉತ್ತೀರ್ಣನಾದವನ ಪ್ರಮಾಣಪತ್ರಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ಪರೀಕ್ಷೆ ನಡೆಸಿದವರೆಲ್ಲರೂ ಬಲ್ಲರು.

ಅದಲ್ಲದೆ, ಜನರು ತಿರಸ್ಕರಿಸಿದಾಗ ಇವರು ಆ ತೀರ್ಪಿಗೆ ತಲೆಬಾಗಿದರೇ? ಹೊಸಕೋಟೆಯಲ್ಲಿ ಸೋತ ಎಂ.ಟಿ.ಬಿ. ನಾಗರಾಜರೂ, ಹುಣಸೂರಿನಲ್ಲಿ ಸೋತ ಎಚ್. ವಿಶ್ವನಾಥರೂ 2020ರಲ್ಲಿ ವಿಧಾನ ಪರಿಷತ್ತಿಗೆ ಹೋದರು. ನಾಗರಾಜರು ಮರುವರ್ಷ ಮಂತ್ರಿಗಳೂ ಆದರು. ಮುಂಬಾಗಿಲನ್ನು ಜನರು ಮುಚ್ಚಿದರೆ ಹಿತ್ತಿಲ ಬಾಗಿಲೊಂದು ಇದ್ದೇ ಇರುತ್ತದೆ. ಜಗ್ಗೇಶ್ ಅವರು 2018ರಲ್ಲಿ ಬೆಂಗಳೂರಿನ ಯಶವಂತಪುರದಿಂದ ಸ್ಪರ್ಧಿಸಿ ಸೋತರು. 2022ರಲ್ಲಿ ರಾಜ್ಯಸಭೆಗೆ ಆಯ್ಕೆಯಾದರು. ರಾಜ್ಯಸಭೆಯ ಚುನಾವಣೆಯಲ್ಲಿ ಮತ ಹಾಕುವವರು ಶಾಸಕರು. ತುರುವೇಕೆರೆಯ ರೈತನಿಗೆ ಅಲ್ಲಿ ಮತವಿಲ್ಲ. ನಟನು ರಂಗದ ಮೇಲೆ ವೇಷ ಬದಲಾಯಿಸಿದರೆ ಯಾರೂ ಆಕ್ಷೇಪಿಸುವುದಿಲ್ಲ. ವೇಷವೆಂದು ತಿಳಿದೇ ಪ್ರೇಕ್ಷಕರು ಟಿಕೇಟು ಕೊಂಡಿರುತ್ತಾರೆ. ಮತಗಟ್ಟೆಯ ಮುಂದೆ ನಿಂತವರು ಕೊಂಡ ಟಿಕೇಟು ಅಂತಹದಲ್ಲ.

ಹೀಗೆ ಬಂದವರಿಂದ ಅವರನ್ನು ಕರೆತಂದವರಿಗಾದರೂ ಸುಖವಾಯಿತೆ? 2010ರ ಅಕ್ಟೋಬರಿನಲ್ಲಿ ಯಡಿಯೂರಪ್ಪನವರ ಮೇಲೆ ವಿಶ್ವಾಸವಿಲ್ಲವೆಂದು ರಾಜ್ಯಪಾಲರಿಗೆ ಪತ್ರ ಬರೆದ ಆ ಪಕ್ಷದ 11 ಮಂದಿ ಶಾಸಕರಲ್ಲಿ ಅರಭಾವಿಯ ಬಾಲಚಂದ್ರ ಜಾರಕಿಹೊಳಿಯವರೂ ಕಾರವಾರದ ಆನಂದ ಅಸ್ನೋಟಿಕರರೂ ಇದ್ದರು. 2008ರಲ್ಲಿ ಸರ್ಕಾರವನ್ನು ಗಟ್ಟಿ ಮಾಡುವುದಕ್ಕಾಗಿ ತಂದ ಕಂಬಗಳೇ ಎರಡು ವರ್ಷಗಳಲ್ಲಿ ಅಲುಗಿದುವು. ಸಭಾಧ್ಯಕ್ಷರು ಅವರನ್ನು ಅನರ್ಹಗೊಳಿಸಿದರು. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ರದ್ದುಪಡಿಸಿತು. ಒಂದು ಮನೆಯ ಬೇಲಿಯನ್ನು ಹಾರಿ ಬಂದವನಿಗೆ ಇನ್ನೊಂದು ಮನೆಯ ಬೇಲಿಯು ಎತ್ತರವಾಗಿ ಕಾಣುವುದಿಲ್ಲ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 2018ರಲ್ಲಿ ಕೇವಲ 213 ಮತಗಳಿಂದ ಗೆದ್ದಿದ್ದ ಪ್ರತಾಪಗೌಡ ಪಾಟೀಲರು ಪಕ್ಷ ಬಿಟ್ಟು, 2021ರ ಏಪ್ರಿಲ್ ತಿಂಗಳ ಉಪಚುನಾವಣೆಯಲ್ಲಿ 30,000ಕ್ಕೂ ಹೆಚ್ಚು ಮತಗಳಿಂದ ಸೋತರು. ಅಲ್ಲಿಯ ಜನರೂ ತುರುವೇಕೆರೆಯವರಂತೆಯೇ ಆಲೋಚಿಸಿದರು. 2019ರಲ್ಲಿ ಉಪಚುನಾವಣೆ ಗೆದ್ದು ಮಂತ್ರಿಗಳಾದವರಲ್ಲಿಯೂ ಚಿಕ್ಕಬಳ್ಳಾಪುರದ ಡಾ. ಕೆ. ಸುಧಾಕರ್, ಹಿರೇಕೆರೂರಿನ ಬಿ.ಸಿ. ಪಾಟೀಲ್, ಕೃಷ್ಣರಾಜಪೇಟೆಯ ನಾರಾಯಣಗೌಡ ಮೊದಲಾದವರು 2023ರಲ್ಲಿ ಸೋತರು.

ನೊಣವಿನಕೆರೆಯು ಸೇರಿರುವ ತಿಪಟೂರು ಕ್ಷೇತ್ರದ ದಾಖಲೆಯನ್ನು ಇದರ ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. 2008ರಲ್ಲಿ ಬಿ.ಸಿ. ನಾಗೇಶ್, 2013ರಲ್ಲಿ ಕೆ. ಷಡಕ್ಷರಿ, 2018ರಲ್ಲಿ ನಾಗೇಶ್, 2023ರಲ್ಲಿ ಷಡಕ್ಷರಿ. ಒಬ್ಬರು ಭಾರತೀಯ ಜನತಾ ಪಕ್ಷದವರು, ಇನ್ನೊಬ್ಬರು ಕಾಂಗ್ರೆಸ್ಸಿನವರು. ಏತದ ಮರದಂತೆ ಒಬ್ಬರು ಏರಿದಾಗ ಇನ್ನೊಬ್ಬರು ಇಳಿದರು. ಇಬ್ಬರ ಕಾರ್ಯದಲ್ಲಿಯೂ ಆಕ್ಷೇಪಿಸತಕ್ಕದ್ದು ಬೇಕಾದಷ್ಟಿದೆ. ನಾಗೇಶರು 2021ರಿಂದ 2023ರವರೆಗೆ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣದ ಮಂತ್ರಿಗಳಾಗಿದ್ದಾಗ, 2022ರಲ್ಲಿ ಪಠ್ಯಪುಸ್ತಕಗಳ ಪರಿಷ್ಕರಣದ ವಿವಾದವು ರಾಜ್ಯವನ್ನೆಲ್ಲ ಕಲಕಿತು. ಮುಂದಿನ ಸರ್ಕಾರವು ಬಂದೊಡನೆ ಆ ಪುಸ್ತಕಗಳನ್ನು ಮತ್ತೆ ತಿದ್ದಿತು. ಸರ್ಕಾರ ಬದಲಾದಂತೆಲ್ಲ ಮಕ್ಕಳ ಪಾಠವನ್ನು ಬದಲಾಯಿಸುವ ಈ ಚಾಳಿಯು ಯಾವ ಪಕ್ಷಕ್ಕೂ ಗೌರವ ತರತಕ್ಕದ್ದಲ್ಲ. ಆದರೂ ಒಂದು ಮಾತನ್ನು ಒಪ್ಪಲೇಬೇಕು. ಸೋತ ಐದು ವರ್ಷಗಳನ್ನು ಇವರಿಬ್ಬರೂ ಹೊರಗೆ ಕಾದರು. ತಾವು ಹಿಂದೆ ತೋರಿಸಿದ ಮುದ್ರೆಯನ್ನೇ ತೋರಿಸಿ ಮತ್ತೆ ಕೇಳಿದರು. ಗೆದ್ದವರನ್ನು ಮತದಾರರು ಕೆಳಗಿಳಿಸಬಹುದಾಗಿದ್ದುದು ಇದರಿಂದಲೇ. ಯಾರನ್ನು ಏತಕ್ಕೆ ಇಳಿಸುತ್ತಿದ್ದೇವೆಂಬುದು ಅವರಿಗೆ ಸ್ಪಷ್ಟವಾಗಿ ತಿಳಿದಿತ್ತು.

ಗುಬ್ಬಿಯ ಎಸ್.ಆರ್. ಶ್ರೀನಿವಾಸರೂ ಅರಸೀಕೆರೆಯ ಕೆ.ಎಂ. ಶಿವಲಿಂಗೇಗೌಡರೂ ಜನತಾದಳವನ್ನು ಬಿಟ್ಟು ಕಾಂಗ್ರೆಸ್ಸಿಗೆ ಹೋಗಿ 2023ರಲ್ಲಿ ಗೆದ್ದರಲ್ಲ, ಅವರಿಗೆ ಏನು ಹೇಳುವಿರಿ ಎಂದು ಕೇಳಬಹುದು. ಅವರು ರಾಜೀನಾಮೆಯಿತ್ತುದು ಸಭೆಯ ಅವಧಿಯು ಮುಗಿಯುತ್ತ ಬಂದಾಗ. ಅದರಿಂದ ಸರ್ಕಾರ ಬೀಳಲಿಲ್ಲ, ಬೇರೆ ಚುನಾವಣೆಯ ವೆಚ್ಚವೂ ಬರಲಿಲ್ಲ, ಎಲ್ಲರೊಡನೆ ಸಾರ್ವತ್ರಿಕ ಚುನಾವಣೆಗೇ ಹೋದರು. ದೋಷವು ಇಲ್ಲವೆಂದು ಹೇಳುವಂತಿಲ್ಲ, ಹಗುರವಾದದ್ದೆಂದು ಹೇಳಬಹುದು. ಅಟ್ಟದ ಕಾಯಿ ಕೊಬ್ಬರಿಯಾದ ಮೇಲೆ ಮಂಡಿಯನ್ನು ಬದಲಾಯಿಸಿದವನಿಗೂ, ಹಸಿಗಾಯನ್ನೇ ಇಳಿಸಿದವನಿಗೂ ವ್ಯತ್ಯಾಸವುಂಟು.

ಕಾನೂನು ಏನು ಮಾಡಿತು? 1985ರಲ್ಲಿ ಸಂವಿಧಾನಕ್ಕೆ ಹತ್ತನೆಯ ಅನುಸೂಚಿಯನ್ನು ಸೇರಿಸಿ ಪಕ್ಷಾಂತರವನ್ನು ನಿಷೇಧಿಸಲಾಯಿತು. ಮೂರರಲ್ಲೊಂದು ಪಾಲು ಒಡೆದುಬಂದರೆ ದೋಷವಿಲ್ಲವೆಂದು ಆಗ ಬಿಟ್ಟಿದ್ದ ಕಿಂಡಿಯನ್ನು 2003ರಲ್ಲಿ ಮುಚ್ಚಿದರು. ಆ ಕಿಂಡಿ ಮುಚ್ಚಿದುದರಿಂದಲೇ ರಾಜೀನಾಮೆಯ ಕಿಂಡಿಯನ್ನು ಕಂಡುಹಿಡಿಯಬೇಕಾಯಿತು. ಆ ಶೋಧನೆಯ ಕೀರ್ತಿಯು ಕರ್ನಾಟಕಕ್ಕೆ ಸಂದದ್ದು ದುರದೃಷ್ಟ. 2019ರ ಜುಲೈ ತಿಂಗಳಲ್ಲಿ ಸಭಾಧ್ಯಕ್ಷರಾಗಿದ್ದ ಕೆ.ಆರ್. ರಮೇಶ್ ಕುಮಾರರು 17 ಮಂದಿಯನ್ನು ಅನರ್ಹರೆಂದು ಸಾರಿದುದಲ್ಲದೆ, ಆ ಸಭೆಯ ಅವಧಿಯು ಮುಗಿಯುವವರೆಗೆ ಅವರು ಮತ್ತೆ ಸ್ಪರ್ಧಿಸಕೂಡದೆಂದು ಆಜ್ಞೆ ಮಾಡಿದರು. ನವೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯವು ತೀರ್ಪನ್ನಿತ್ತು, ರಾಜೀನಾಮೆಯಿತ್ತ ಮಾತ್ರಕ್ಕೆ ಅನರ್ಹತೆಯಿಂದ ತಪ್ಪಿಸಿಕೊಳ್ಳಲಾಗದೆಂಬುದನ್ನು ಎತ್ತಿಹಿಡಿಯಿತು. ಆದರೆ ಅವಧಿಯನ್ನು ಗೊತ್ತುಮಾಡುವ ಅಧಿಕಾರವು ಸಭಾಧ್ಯಕ್ಷರಿಗಿಲ್ಲವೆಂದು ಆಜ್ಞೆಯ ಆ ಭಾಗವನ್ನು ತೆಗೆದುಹಾಕಿತು. ಇಪ್ಪತ್ತೆರಡು ದಿನಗಳಲ್ಲಿ ಉಪಚುನಾವಣೆ ನಡೆಯಿತು. ನಾಲ್ಕು ತಿಂಗಳ ಹಿಂದೆ ಅನರ್ಹರಾದವರೇ ಅದರಲ್ಲಿ ಅಭ್ಯರ್ಥಿಗಳು.

ನ್ಯಾಯಾಲಯವನ್ನು ದೂರಿ ಫಲವಿಲ್ಲ. ಶಾಸನದಲ್ಲಿ ಬರೆಯದುದನ್ನು ಅದು ಓದುವಂತಿಲ್ಲ. ಬರೆಯಬೇಕಾದುದು ಒಂದೇ ವಾಕ್ಯ: ಒಂದು ಮುದ್ರೆಯ ಮೇಲೆ ಆರಿಸಿ ಬಂದು, ನಡುವೆ ಬಿಟ್ಟುಹೋಗಿ ಇನ್ನೊಂದು ಪಕ್ಷವನ್ನು ಸೇರಿದವನು, ಆ ಸಭೆಯ ಅವಧಿಯು ತೀರುವವರೆಗೆ ಅದಕ್ಕೆ ಮತ್ತೆ ಸ್ಪರ್ಧಿಸಕೂಡದು; ಪರಿಷತ್ತಿನ ಹಿತ್ತಿಲಿನಿಂದ ಮಂತ್ರಿಯಾಗಲೂ ಕೂಡದು. ಸ್ವಾತಂತ್ರ್ಯಕ್ಕೆ ಇದರಿಂದ ಭಂಗ ಬರುವುದಿಲ್ಲ. ನಿಜವಾಗಿ ಮನಸ್ಸಾಕ್ಷಿಯ ಪ್ರೇರಣೆಯಿಂದ ಪಕ್ಷವನ್ನು ಬಿಡುವವನು ಎರಡು ಮೂರು ವರ್ಷಗಳ ಕಾಲ ಪದವಿಯಿಲ್ಲದೆ ಇರಲಾರನೆ? ತಿಪಟೂರಿನಲ್ಲಿ ಸೋತವರು ಐದೈದು ವರ್ಷ ಇದ್ದರು. ತೀರ್ಪು ಹೊರಬಿದ್ದು ವರ್ಷಗಳೇ ಕಳೆದುವು. ಪಕ್ಷಾಂತರವನ್ನು ಖಂಡಿಸದ ಪಕ್ಷವೊಂದೂ ಸಂಸತ್ತಿನಲ್ಲಿಲ್ಲ. ಹತ್ತನೆಯ ಅನುಸೂಚಿಯಲ್ಲಿ ಆ ವಾಕ್ಯವು ಮಾತ್ರ ಇನ್ನೂ ಸೇರಿಲ್ಲ.